ಒಂಬತ್ತನೇ ಮನೆ

ದೋಯ್ನಾ ಹನ್ನೊಂದನೆಯ ದಪ್ಪ ರೊಟ್ಟಿಗೆ ಟವೆಲು ಸುತ್ತಿ ಅದರ ನಡುವೆ ಮೇಣದಬತ್ತಿ ಸಿಕ್ಕಿಸುತ್ತಿದ್ದಾಗ, ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡ ವಿತಾಲಿ ಅಡುಗೆಮನೆಯ ಬಾಗಿಲನ್ನು ಮೊಣಕಾಲಿನಿಂದ ತಳ್ಳಿದ.

"ಎಲ್ಲಿಡ್ಲಿ, ದೋಯ್ನಾ?"

"ಬೂಟು ಬಿಚ್ಚಿ ಒಳಗೆ ಬಾರಪ್ಪಾ," ಎಂದಳು ಪಕ್ಕದ ಮನೆಯ ಅಗಾಫ್ಯಾ. "ನಿಮ್ಮ ರಾಜಧಾನಿ ಡಾಂಬರಲ್ಲ ಇದು. ನಮ್ಮೂರ ಜೇಡಿ. ಒಂದ್ಸಲ ನೆಲಕ್ಕೆ ಹತ್ತಿದ್ರೆ ಹೆಣದ ಜೊತೆಗೇ ಹೋಗೋದು."

ವಿತಾಲಿ ಬಾಗಿಲಲ್ಲೇ ನಿಂತು, ಪೆಟ್ಟಿಗೆ ಇಳಿಸದೆ, ಕಾಲಿನಿಂದ ಕಾಲಿನ ಬೂಟು ಕಳಚಿದ. ಅವನ ಒಂದು ಕಾಲುಚೀಲ ತೂತಾಗಿತ್ತು. ಎಂಟು ವರ್ಷ ದೋಯ್ನಾಳ ಗಂಡ ತುದೋರನ ಎದುರಿನ ಮೇಜಿನಲ್ಲಿ ಕೂತು ಕೆಲಸ ಮಾಡಿದವನು. ಮಂಗಳವಾರ ಸಭೆಯ ನಡುವೆ ತುದೋರ್ ಕಾಗದಗಳ ಮೇಲೆ ತಲೆಯಿಟ್ಟಾಗ, ಏನೋ ಬೇಜಾರಾಗಿರಬೇಕು ಎಂದುಕೊಂಡು ಎರಡು ನಿಮಿಷ ಮಾತು ಮುಂದುವರಿಸಿದವನೂ ಅವನೇ. ಮೂರು ದಿನದಿಂದ ಅದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

"ತುದೋರಂದು," ಎಂದ ಪೆಟ್ಟಿಗೆ ತೋರಿಸಿ. "ನೆದರ್ಲೆಂಡ್ಸಿನಲ್ಲಿ ಓದುವಾಗ ಬರೆದಿದ್ದನಲ್ಲ, ಆ ಪ್ರಬಂಧ. ನಮ್ಮ ಭಾಷೆಗೆ ಮಾಡಿಸಿದ್ವಿ. ಮುಂದಿನ ತಿಂಗಳು ಬಿಡುಗಡೆ ಆಗ್ಬೇಕಿತ್ತು. ಇವತ್ತು ಬಂದವರಿಗೆಲ್ಲ ಒಂದೊಂದು ಕೊಟ್ರೆ ಹೇಗೆ ಅಂತ... ಕರಡು ಎಲ್ಲ ಅವನೇ ನೋಡಿದ್ದ. ನಿಂಗೆ ಹೇಳಿರ್ತಾನಲ್ಲ?"

ದೋಯ್ನಾ ಕತ್ತರಿ ಎತ್ತಿ ದಾರ ತುಂಡು ಮಾಡಿದಳು.

"ರೊಟ್ಟಿ ಜೊತೆ ಅದನ್ನೂ ಇಟ್ಬಿಡಿ," ಎಂದಳು ಅಗಾಫ್ಯಾ. ಎಂಬತ್ತು ದಾಟಿದ ಅವಳಿಲ್ಲದೆ ಆ ಊರಲ್ಲಿ ಯಾರೂ ಮಣ್ಣಾಗುತ್ತಿರಲಿಲ್ಲ. "ಅವನ ಹೆಸರಲ್ಲಿ ಇಲ್ಲಿ ಏನು ಕೊಡ್ತೀವೋ ಅದು ಅಲ್ಲಿ ಅವನ ಕೈಗೆ ಸಿಗುತ್ತೆ. ಟವೆಲು ಆಯ್ತು, ರೊಟ್ಟಿ ಆಯ್ತು. ಓದೋ ಹುಡುಗ, ಪುಸ್ತಕ ಇಲ್ದೆ ಏನ್ಮಾಡ್ತಾನೆ? ಆದ್ರೆ ನೋಡು ದೋಯ್ನಾ, ಕೊಡುವಾಗ ಪ್ರತಿಯೊಬ್ಬರಿಗೂ ಅವನ ಹೆಸರು ಬಾಯಿಬಿಟ್ಟು ಹೇಳ್ಬೇಕು. ಹೇಳದೆ ಕೊಟ್ರೆ ಮುಟ್ಟಲ್ಲ."

ತೆಳ್ಳನೆಯ ನೀಲಿ ರಟ್ಟಿನ ಪುಸ್ತಕ. ಎಂಟು ವರ್ಷದಿಂದ ಇದರ ಇಂಗ್ಲಿಷ್ ಪ್ರತಿ ರಾಜಧಾನಿಯ ಮನೆಯ ಕಪಾಟಿನಲ್ಲಿತ್ತು. ದೋಯ್ನಾ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದಳು, ಇಂಗ್ಲಿಷ್ ಬರುತ್ತಿರಲಿಲ್ಲ. ಒಮ್ಮೆ ಧೂಳು ಕೊಡವುವಾಗ ತೆರೆದಿದ್ದಳು. ತುಂಬ ಕೋಷ್ಟಕಗಳಿದ್ದವು. ಮುಚ್ಚಿ ಇಟ್ಟಿದ್ದಳು.

ಈಗ ಮೊದಲ ಪುಟದಲ್ಲಿ ಒಂದೇ ಸಾಲು: ಒಂಬತ್ತನೇ ಮನೆಗೆ ಅರ್ಪಣೆ.

ಅವಳು ಪುಟ ತಿರುವಿದಳು. ಮೊದಲನೇ ಮನೆ, ಎರಡನೇ ಮನೆ. ಕೈ ತಾನಾಗಿಯೇ ಹುಡುಕಿತು.

"ಒಂಬತ್ತನೇ ಮನೆ. ಮಗಳು, ಈಗ ಇಪ್ಪತ್ಮೂರು ವರ್ಷ. ಹನ್ನೊಂದು ವರ್ಷದವಳಿದ್ದಾಗ ತಾಯಿ ದುಡಿಯಲು ಇಟಲಿಗೆ ಹೋದಳು. ಕಿವಿ ಕೇಳದ ಅಜ್ಜಿಯ ಜೊತೆ ವಾಸ. ಮರುವರ್ಷ ಪೂರ್ತಿ ಪ್ರತಿ ಭಾನುವಾರ ತಾಯಿಯ ಫೋನನ್ನು ಎತ್ತಿ, ಮಾತಾಡದೆ ಇಟ್ಟುಬಿಡುತ್ತಿದ್ದಳು. ಲೈನು ಕೆಟ್ಟಿದೆಯೆಂದು ನಂಬಿ ತಾಯಿ ಹೊಸ ಫೋನ್ ಕಳಿಸಿದಳು. ಮಗಳು ಅದನ್ನೂ ಎತ್ತಿ ಇಟ್ಟಳು. 'ದನಿ ಕೇಳದಿದ್ದರೆ ನೋಡುವುದಕ್ಕಾದರೂ ಬರುತ್ತಾಳೆ ಅಂದುಕೊಂಡಿದ್ದೆ' ಎನ್ನುತ್ತಾಳೆ."

ಆಚೆ ಕೋಣೆಯಲ್ಲಿ ಶವಪೆಟ್ಟಿಗೆಯ ಪಕ್ಕ ದೋಯ್ನಾಳ ತಾಯಿ ತಮಾರಾ ಕೂತಿದ್ದಳು. ಇಟಲಿಯ ಪಾದೊವಾದಿಂದ ಎರಡು ಹಗಲು ಬಸ್ಸಿನಲ್ಲಿ ಬಂದು ಬೆಳಿಗ್ಗೆಯಷ್ಟೇ ಇಳಿದವಳು. ಅವಳ ದನಿ ಕೇಳಿಸುತ್ತಿತ್ತು. ಯಾರಿಗೋ ಹೇಳುತ್ತಿದ್ದಳು: "ಇಲ್ಲ, ನಂಗೆ ಈ ಮನೆ ಫೋನ್ ನಂಬರು ಇನ್ನೂ ಬಾಯಿಪಾಠ. ಒಂದು ವರ್ಷ ಮಾತ್ರ ಲೈನು ಕೆಟ್ಟಿತ್ತು. ಆ ವರ್ಷ ಬಿರುಗಾಳಿ ಬಂದು ಕಂಬ ಬಿದ್ದಿತ್ತಲ್ಲ."

ದೋಯ್ನಾ ಪುಸ್ತಕವನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

*

ತುದೋರ್ ಆ ಊರಿಗೆ ಮೊದಲ ಸಲ ಬಂದದ್ದು ಒಂದು ಅಕ್ಟೋಬರಿನಲ್ಲಿ. ದ್ರಾಕ್ಷಿ ಹಿಂಡುವ ಕಾಲ. ಊರಿಗೆ ಊರೇ ಹುಳಿ ವಾಸನೆ ಹೊಡೆಯುತ್ತಿತ್ತು. ನೆದರ್ಲೆಂಡ್ಸಿನಲ್ಲಿ ಸ್ನಾತಕೋತ್ತರ ಓದುತ್ತಿದ್ದಾನೆ, ವಿದ್ಯಾರ್ಥಿವೇತನ ಸಿಕ್ಕಿದೆ, ತಾಯಂದಿರು ಹೊರದೇಶಕ್ಕೆ ಹೋದ ಮನೆಗಳ ಬಗ್ಗೆ ಬರೆಯುತ್ತಾನೆ ಎಂದು ಊರಿನವರು ಹೇಳಿಕೊಂಡರು. ಮೊಣಕಾಲಿನವರೆಗಿನ ಹಸಿರು ಮಳೆಕೋಟು ಹಾಕಿದ್ದ. ಬಿಸಿಲಿತ್ತು.

ದೋಯ್ನಾ ಆಗ ಊರಿನ ಶಾಲೆಯಲ್ಲೇ ಕಲಿಸುತ್ತಿದ್ದಳು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಅವನು ಅಡುಗೆಮನೆಯ ಮೇಜಿನಲ್ಲಿ ಕೂತು ನಲವತ್ತು ಪ್ರಶ್ನೆ ಕೇಳಿದ. ಊಟ ಎಷ್ಟು ಹೊತ್ತು, ಶಾಲೆ ತಪ್ಪಿದ್ದೆಷ್ಟು ದಿನ, ಕಾಯಿಲೆಯಾದರೆ ಯಾರು ನೋಡುತ್ತಿದ್ದರು. ಅವಳು ಶಾಲೆಯ ಮಕ್ಕಳು ಒಪ್ಪಿಸುವಂತೆ ಉತ್ತರ ಒಪ್ಪಿಸಿದಳು. ಕೊನೆಯ ಪ್ರಶ್ನೆ ಮುಗಿದ ಮೇಲೆ ಅವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ನೋಟುಪುಸ್ತಕ ಮುಚ್ಚಿದ. ಅದು ಅವಳಿಗೆ ಚೆನ್ನಾಗಿ ನೆನಪಿದೆ.

ಅವಳು ಸೂಪು ಬಡಿಸಿದಳು. ಅವನು ಎಡಗೈಯನ್ನು ತಟ್ಟೆಯ ಸುತ್ತ ಬಳಸಿಕೊಂಡು, ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ, ಬೇಗ ಬೇಗ ತಿಂದ.

"ಯಾರೂ ಕಿತ್ಕೊಳ್ಳಲ್ಲ, ನಿಧಾನವಾಗಿ ತಿನ್ನಿ," ಎಂದಳು.

ಅವನಿಗೆ ನಾಚಿಕೆಯಾಯಿತು. "ಬೋರ್ಡಿಂಗ್ ಅಭ್ಯಾಸ. ಮೂರು ವರ್ಷದವನಿದ್ದಾಗ ಅಲ್ಲಿ ಬಿಟ್ಟು ಹೋದ್ರಂತೆ. ಹದಿನೆಂಟರವರೆಗೂ ಅಲ್ಲೇ. ವಾರ್ಡನ್ ಕೋಣೇಲಿ ಒಂದು ಫೋನಿತ್ತು. ಭಾನುವಾರ ಬೇರೆ ಹುಡುಗರಿಗೆ ಕರೆ ಬರೋದು. ಅದು ಹೊಡ್ಕೊಂಡಾಗೆಲ್ಲ ನಾನೂ ಓಡ್ತಿದ್ದೆ. ಯಾಕೆ ಅಂತ ಗೊತ್ತಿಲ್ಲ."

ಅವನು ನಗುತ್ತಾ ಹೇಳಿದ್ದ. ಅವಳು ನಗಲಿಲ್ಲ. ಒಲೆಯ ಕಡೆ ತಿರುಗಿ ನಿಂತು, ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಫೋನ್ ಎತ್ತುತ್ತಿದ್ದೆ, ಅಮ್ಮ "ಹಲೋ" ಅನ್ನುವ ಮೊದಲೇ ಇಟ್ಟುಬಿಡುತ್ತಿದ್ದೆ. ಅಜ್ಜಿಗೆ ಕೇಳಿಸುತ್ತಿರಲಿಲ್ಲ. ಅಮ್ಮನಿಗೆ ಕಾಗದಪತ್ರ ಇರಲಿಲ್ಲ, ಬಂದರೆ ತಿರುಗಿ ಹೋಗುವ ಹಾಗಿರಲಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಇವತ್ತಿಗೂ ಅವಳು ಬಿರುಗಾಳಿ ಅಂತಲೇ ನಂಬಿದ್ದಾಳೆ.

ತುದೋರ್ ತಿನ್ನುವುದನ್ನು ನಿಲ್ಲಿಸಿದ್ದ. "ನಿಮಗೆ ಫೋನಾದ್ರೂ ಹೊಡ್ಕೋತಾ ಇತ್ತು," ಎಂದ. ಅಷ್ಟೇ. ಆಮೇಲೆ ಎದ್ದು ತನ್ನ ತಟ್ಟೆಯನ್ನೂ ಅವಳ ತಟ್ಟೆಯನ್ನೂ ತೊಳೆದಿಟ್ಟ.

ಮರುವರ್ಷ ಮದುವೆಯಾದರು.

*

ಅಗಾಫ್ಯಾ ಗೋಧಿ ಪಾಯಸ ನೋಡಲು ಹೊರಗೆ ಹೋದಾಗ ದೋಯ್ನಾ ಪೆಟ್ಟಿಗೆಯನ್ನು ನೆಲಮಾಳಿಗೆಗೆ ಒಯ್ದು, ಎರಡು ಪೀಪಾಯಿಗಳ ನಡುವೆ ಇಟ್ಟು, ಮೇಲೊಂದು ಗೋಣಿಚೀಲ ಹೊದಿಸಿದಳು. ಮೆಟ್ಟಿಲು ಹತ್ತಿ ಬಂದಾಗ ಪಾದ್ರಿ ಬಂದಿದ್ದರು.

ಸ್ಮಶಾನ ಗುಡ್ಡದ ಮೇಲಿತ್ತು. ಮಾರ್ಚಿನ ಹಿಮ ಕರಗಿ ದಾರಿ ಕೆಸರಾಗಿತ್ತು. ಗಾಡಿಯ ಹಿಂದೆ ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದರು. ಹಿಂದಿನಿಂದ ಗಂಡಸರ ಮಾತು ಕೇಳುತ್ತಿತ್ತು.

"ಸಭೆಗೆ ಐದು ನಿಮಿಷ ತಡ ಆದ್ರೆ ಮುಖ ಗಂಟು ಹಾಕ್ಕೋತಿದ್ದ. ಇವತ್ತು ನೋಡು, ಪಾದ್ರಿನ ಕಾಯ್ತಾ ಒಂದು ಗಂಟೆ ಸುಮ್ನೆ ಮಲಗಿದ್ದ."

"ನಮ್ಮನೆಗೆ ಮೊದಲ ಸಲ ಬಂದಾಗ ಕೋಳಿ ಎಷ್ಟಿವೆ ಅಂತ ಕೇಳಿ ಬರ್ಕೊಂಡ ಮಾರಾಯ. ತೆರಿಗೆಯವನು ಅಂದ್ಕೊಂಡು ಅರ್ಧ ಕೋಳಿ ಅಟ್ಟದ ಮೇಲೆ ಬಚ್ಚಿಟ್ಟೆ. ಮೇಲಿಂದ ಹುಂಜ ಕೂಗ್ತು."

"ಏನಂದ?"

"ಏನೂ ಅನ್ನಲಿಲ್ಲ. ಎಂಟಿದ್ದಿದ್ದನ್ನ ಹೊಡೆದುಹಾಕಿ ಒಂಬತ್ತು ಅಂತ ಬರ್ಕೊಂಡ."

ತಮಾರಾ ಮಗಳ ತೋಳನ್ನು ಮೆಲ್ಲಗೆ ಒತ್ತಿದಳು. ನಗು ತಡೆಯುತ್ತಿದ್ದಳೋ ಅಳುವೋ ಗೊತ್ತಾಗಲಿಲ್ಲ. ದೋಯ್ನಾಳಿಗೆ ಮೂರು ದಿನದಿಂದ ಎರಡೂ ಬಂದಿರಲಿಲ್ಲ.

ಗುಂಡಿ ಅವಳ ಅಜ್ಜಿಯ ಪಕ್ಕದಲ್ಲಿತ್ತು. ತುದೋರನಿಗೆ ಬೇರೆ ಊರಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ವಿತಾಲಿ ಮಾತಾಡಿದ.

"ತುದೋರ್ ಕೆಲಸಕ್ಕೆ ಸೇರಿದ ಮೊದಲ ದಿನ ಸಭೆಯಲ್ಲಿ ಒಂದು ಮನೆಯ ಕತೆ ಹೇಳಿದ. ಒಂದೇ ಮನೆ. ನಮ್ಮ ಸಂಸ್ಥೆಯ 'ಭಾನುವಾರದ ಗಂಟೆ' ಯೋಜನೆ ಹುಟ್ಟಿದ್ದು ಅಲ್ಲಿಂದ. ಇವತ್ತು ಅರವತ್ತು ಊರಿನ ಶಾಲೆಗಳಲ್ಲಿ ಭಾನುವಾರ ಒಂದು ಕೋಣೆ ತೆರೆದಿರುತ್ತೆ. ಮಗು ತನ್ನ ತಾಯಿ ಜೊತೆ ಮಾತಾಡುವಾಗ ಪಕ್ಕದಲ್ಲಿ ಒಬ್ಬರು ದೊಡ್ಡವರು ಕೂತಿರ್ತಾರೆ. ಮಾತು ಬರದಿದ್ರೆ ಕೈ ಹಿಡ್ಕೋತಾರೆ. ಆ ಮನೆ ಕತೇನ ತುದೋರ್ ಹೊರದೇಶದ ಸಭೆಗಳಲ್ಲೂ ಹೇಳಿದ, ತಿಬಿಲಿಸಿಯಲ್ಲಿ ಹೇಳಿದ, ಬಿಷ್ಕೆಕ್‌ನಲ್ಲಿ ಹೇಳಿದ. ಪ್ರತಿ ಸಲ ಆ ಮನೆಯ ಸ್ಲೈಡ್ ಪರದೆ ಮೇಲೆ ಬಂದಾಗ ಅವನ ದನಿ ಸ್ವಲ್ಪ ಬದಲಾಗ್ತಿತ್ತು."

ಮೊಮ್ಮಕ್ಕಳನ್ನು ಸಾಕುತ್ತಿದ್ದ ಅಜ್ಜಿಯರು ಶಿಲುಬೆಯ ಗುರುತು ಮಾಡಿಕೊಂಡರು. ಒಬ್ಬಳು ಗಟ್ಟಿಯಾಗಿ, "ದೇವರು ಅವನಿಗೆ ಬೆಳಕು ಕೊಡ್ಲಿ," ಎಂದಳು.

ದೋಯ್ನಾ ತಾಯಿಯ ಮುಖ ನೋಡಿದಳು. ತಮಾರಾ ಗುಂಡಿಯನ್ನೇ ನೋಡುತ್ತಿದ್ದಳು. ಯಾವ ಮನೆ ಎಂದು ಅವಳು ಕೇಳಲಿಲ್ಲ.

ತಿಬಿಲಿಸಿ. ಬಿಷ್ಕೆಕ್. ಅಲ್ಲಿಂದ ಅವನು ಅವಳಿಗೆ ಉಣ್ಣೆಯ ಕಾಲುಚೀಲ ತಂದಿದ್ದ. ಅವು ಈಗ ಅವಳ ಕಾಲಲ್ಲೇ ಇದ್ದವು, ಬೂಟಿನೊಳಗೆ.

*

ಓದು ಮುಗಿಸಿ ಬಂದ ಮೇಲೆ ತುದೋರ್ ಬದಲಾಗಿದ್ದ ಎಂದು ಯಾರೂ ಹೇಳುವಂತಿರಲಿಲ್ಲ. ಸೈಕಲ್ ಕೊಂಡ. ಕಾಗದದ ಎರಡೂ ಬದಿಗೆ ಬರೆಯುತ್ತಿದ್ದ. ಒಂದು ಮಾತ್ರ ಹೊಸದು: ಯಾರ ವಿಷಯವನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಪಕ್ಕದ ಮನೆಗೆ ಊಟಕ್ಕೆ ಹೋಗಿ ಬಂದವನನ್ನು ಏನು ಬಡಿಸಿದರು ಎಂದು ಕೇಳಿದರೂ, "ಚೆನ್ನಾಗಿತ್ತು," ಎನ್ನುತ್ತಿದ್ದ.

"ನಿನ್ನ ಬಾಯಿ ಏನು, ಬ್ಯಾಂಕಿನ ಲಾಕರಾ?" ಎಂದು ಅವಳು ರೇಗಿಸುತ್ತಿದ್ದಳು.

"ಅಲ್ಲಿ ಮೊದಲನೇ ವಾರವೇ ಹೇಳಿಕೊಡ್ತಾರೆ," ಎಂದಿದ್ದ ಒಮ್ಮೆ. "ಒಬ್ಬರು ನಂಬಿ ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳ್ಬಾರದು. ಗಂಡ ಹೇಳಿದ್ದು ಹೆಂಡತಿಗೆ ಗೊತ್ತಾಗ್ಬಾರದು, ತಾಯಿ ಹೇಳಿದ್ದು ಮಗಳಿಗೆ ಗೊತ್ತಾಗ್ಬಾರದು. ಅದು ಮುರಿದ್ರೆ ನಾಳೆ ಯಾರೂ ಬಾಗಿಲು ತೆಗೆಯಲ್ಲ. ಹೆಸರು ತೆಗೆದು ಸಂಖ್ಯೆ ಹಾಕ್ಬೇಕು. ಆಗ ಯಾರಿಗೂ ನೋವಾಗಲ್ಲ."

ಅವಳಿಗೆ ಅದು ಇಷ್ಟವಾಗಿತ್ತು. ನಂಬಬಹುದಾದ ಮನುಷ್ಯ ಎಂದು ಗೆಳತಿಯರಿಗೆ ಹೇಳಿದ್ದಳು. ಬೋರ್ಡಿಂಗಿನಲ್ಲಿ ಬೆಳೆದವನಿಗೆ ಯಾರೂ ಏನನ್ನೂ ಕೈಗೆ ಕೊಟ್ಟು ಇಟ್ಟುಕೋ ಅಂದಿರಲಿಲ್ಲ. ಅದಕ್ಕೇ ಕೊಟ್ಟದ್ದನ್ನು ಅಷ್ಟು ಜೋಪಾನ ಮಾಡುತ್ತಾನೆ ಎಂದುಕೊಂಡಿದ್ದಳು.

"ನನ್ನ ವಿಷಯ ಇದೆಯಾ ನಿನ್ನ ಪ್ರಬಂಧದಲ್ಲಿ?" ಎಂದೂ ಕೇಳಿದ್ದಳು.

"ನಿನ್ನ ಹೆಸರು ಎಲ್ಲೂ ಇಲ್ಲ," ಎಂದಿದ್ದ.

ಮದುವೆಗೆ ಮುಂಚಿನ ವಸಂತದಲ್ಲಿ, ಇಟಲಿಯಲ್ಲಿದ್ದ ತಾಯಂದಿರನ್ನು ಮಾತಾಡಿಸಲು ಅವನು ಪಾದೊವಾಗೂ ಹೋಗಿದ್ದ. ಬಂದವನು ಇಷ್ಟೇ ಹೇಳಿದ: "ನಿಮ್ಮಮ್ಮ ಚೆನ್ನಾಗಿದ್ದಾರೆ. ಕಾಫಿ ಮಾಡಿಕೊಟ್ಟರು."

*

ಸ್ಮಶಾನದಿಂದ ಬಂದು ಕೈ ತೊಳೆದು ಒಳಗೆ ಹೋದಾಗ ಊಟ ಶುರುವಾಗಿತ್ತು. ಕೋಳಿ ಸಾರಿನ ಶಾವಿಗೆ, ಎಲೆಕೋಸಿನ ಸುರುಳಿ, ಕೆಂಪು ವೈನಿನ ಹೂಜಿಗಳು. ಉದ್ದನೆಯ ಮೇಜಿನ ತುದಿಯಲ್ಲಿ, ಟವೆಲು ಸುತ್ತಿದ ರೊಟ್ಟಿಗಳ ಪಕ್ಕದಲ್ಲಿ, ನೀಲಿ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಪೇರಿಸಿದ್ದರು.

"ವೈನ್ ತರೋಕೆ ಕೆಳಗಿಳಿದ್ರೆ ಇದು ಸಿಕ್ತು," ಎಂದ ಗುಂಡಿ ತೋಡಿದ ಕೋಲ್ಯಾ, ಬಾಯಿ ಒರೆಸಿಕೊಳ್ಳುತ್ತ. "ಪುಸ್ತಕಾನೂ ಪೀಪಾಯಿ ಪಕ್ಕ ಇಟ್ಟು ಹುದುಗಿಸ್ತಾರಾ ರಾಜಧಾನೀಲಿ?"

"ಸುಮ್ನಿರೋ," ಎಂದಳು ಅಗಾಫ್ಯಾ. "ದುಃಖದಲ್ಲಿ ಎಲ್ಲಿಟ್ಟೆ ಅಂತ ಮರೆತಿರ್ತಾಳೆ. ಇನ್ನೂ ಯಾರೂ ಮುಟ್ಟಬೇಡಿ. ಊಟ ಆಗ್ಲಿ, ಅವಳೇ ಕೊಡ್ತಾಳೆ."

"ಅಮ್ಮ ಎಲ್ಲಿ?" ಎಂದಳು ದೋಯ್ನಾ.

"ತಮಾರಾ ಒಂದು ತಗೊಂಡು ಒಳಗೆ ಹೋದ್ಲು. ಬೇಡ ಅಂದೆ. ಕೇಳ್ಬೇಕಲ್ಲ."

ಹಿಂದಿನ ಕೋಣೆ ಅಜ್ಜಿಯದು. ಅಲ್ಲಿ ಬೆಂಕಿ ಹಾಕುತ್ತಿರಲಿಲ್ಲ. ತಮಾರಾ ಕೋಟು ತೆಗೆಯದೆ ಮಂಚದ ತುದಿಯಲ್ಲಿ ಕೂತಿದ್ದಳು. ಮೂಗಿನ ಮೇಲೆ ಕನ್ನಡಕ. ಅವಳ ಹಿಂದೆ ಪೆಟಾರಿಯ ಮೇಲೆ, ಕಸೂತಿ ಬಟ್ಟೆ ಹೊದ್ದು, ಅವಳೇ ಆಗ ಇಟಲಿಯಿಂದ ಕಳಿಸಿದ್ದ ಕೆಂಪು ಫೋನ್ ಇತ್ತು. ಹತ್ತು ವರ್ಷದಿಂದ ಅದಕ್ಕೆ ತಂತಿಯೇ ಇರಲಿಲ್ಲ.

"ಅಮ್ಮಾ. ಅದನ್ನ ಕೊಡಿಲ್ಲಿ."

"ಓದಿ ಆಯ್ತು."

ದೋಯ್ನಾ ಬಾಗಿಲು ಮುಚ್ಚಿದಳು. ಹೇಳಬೇಕಾದ ಮಾತನ್ನು ಗುಡ್ಡ ಇಳಿಯುವಾಗ ಸಿದ್ಧಮಾಡಿಕೊಂಡಿದ್ದಳು. ಈಗ ಅದು ಬರಲಿಲ್ಲ.

"ಚಿಕ್ಕವಳಿದ್ದೆ," ಎಂದಳು.

"ಗೊತ್ತು."

"ಲೈನು ಕೆಟ್ಟಿದೆ ಅಂತ ನೀನು—"

"ಕೆಟ್ಟ ಲೈನು ಉಸಿರಾಡಲ್ಲ ಕಣೇ," ಎಂದಳು ತಮಾರಾ.

ಹೊರಗೆ ಯಾರೋ ಗಟ್ಟಿಯಾಗಿ ಉಪ್ಪು ಕೇಳಿದರು.

"ಮೊದಲು ಉಸಿರು. ಆಮೇಲೆ ಟಕ್. ನಾನು ಕೆಲಸಕ್ಕಿದ್ದ ಮನೆ ಮುದುಕಪ್ಪ ಭಾನುವಾರ ಹತ್ತು ಗಂಟೆಗೆ ಪೂಜೆಗೆ ಹೋಗೋನು. ಅವನು ಹೊರಗೆ ಕಾಲಿಟ್ಟ ಕೂಡಲೇ ಫೋನ್ ತಿರುಗಿಸ್ತಿದ್ದೆ. ಆ ಒಂದು ಉಸಿರು ಕೇಳಿದ್ರೆ ನಂಗೆ ಒಂದು ವಾರಕ್ಕೆ ಸಾಕಾಗ್ತಿತ್ತು. ನಿಂಗೆ ನೆಗಡಿ ಆದ್ರೂ ಗೊತ್ತಾಗ್ತಿತ್ತು."

"ಮತ್ತೆ ಹೊಸ ಫೋನ್ ಯಾಕೆ ಕಳಿಸಿದೆ?"

"ನಿಂಗೆ ನಾಚಿಕೆ ಆಗದ ಹಾಗೆ ಮತ್ತೆ ಶುರು ಮಾಡ್ಲಿ ಅಂತ. ಹೊಸ ಫೋನ್ ಬಂತು, ಲೈನ್ ಸರಿಹೋಯ್ತು ಅನ್ಕೊಂಡು ಮಾತಾಡಬಹುದಿತ್ತಲ್ಲ." ತಮಾರಾ ಕನ್ನಡಕ ತೆಗೆದಳು. "ಬಿರುಗಾಳಿನೂ ನಾನೇ ಹುಟ್ಟಿಸಿದ್ದು. ಕಂಬ ಬಿದ್ದಿದ್ದು ಮೇಲಿನೂರಲ್ಲಿ."

ದೋಯ್ನಾ ಬಾಗಿಲಿಗೆ ಒರಗಿದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ!" ತಮಾರಾ ಅಚ್ಚರಿಯಿಂದ ತಲೆ ಎತ್ತಿದಳು. "ಅವನಿಗೆ ಹೇಳಿದ್ದೆ. ಪಾದೊವಾಗೆ ಬಂದಿದ್ನಲ್ಲ, ಆವತ್ತು. ಎಲ್ಲಾ ಹೇಳಿ ಅವನ ಮುಂದೆ ಅತ್ತಿದ್ದೆ. ನನ್ನ ಬಾಯಲ್ಲಿ ನಿಂಗೆ ಹೇಳಕ್ಕಾಗ್ತಿರ್ಲಿಲ್ಲ. ಮದುವೆ ಆಗೋ ಹುಡುಗ, ಅವನು ಹೇಳ್ತಾನೆ ಅಂದ್ಕೊಂಡೆ. ಆಮೇಲೆ ನೀನು ಒಂದಿನವೂ ಆ ಮಾತು ಎತ್ಲಿಲ್ಲ. ಒಂಬತ್ತು ವರ್ಷ." ಅವಳು ಪುಸ್ತಕದ ಅಂಚನ್ನು ಸವರಿದಳು. "ಗೊತ್ತಿದ್ದೂ ಸುಮ್ನಿದಾಳೆ, ಇನ್ನೂ ಕ್ಷಮಿಸಿಲ್ಲ ಅಂದ್ಕೊಂಡು ನಾನೂ ಸುಮ್ನಿದ್ದೆ."

ಪುಸ್ತಕ ಮಂಚದ ಮೇಲೆ ತೆರೆದೇ ಇತ್ತು. ಬೆಳಿಗ್ಗೆ ದೋಯ್ನಾ ಓದಿದ ಪುಟದ ಎದುರಿನ ಪುಟ, ಆಗ ಅವಳ ಕಣ್ಣು ಹಾಯದೆ ಹೋದದ್ದು. "ಒಂಬತ್ತನೇ ಮನೆ: ತಾಯಿ." ಉಸಿರು, ನೆಗಡಿ, ಹೊಸ ಫೋನು, ಬಿರುಗಾಳಿ. ಎಲ್ಲ ಇತ್ತು. ಕನ್ನಡಿಯ ಎದುರು ಕನ್ನಡಿ ಇಟ್ಟ ಹಾಗೆ ಎರಡು ಪುಟಗಳು. ಪುಸ್ತಕ ಮುಚ್ಚಿದರೆ ಒಂದರ ಮೇಲೊಂದು ಕೂರುತ್ತಿದ್ದವು. ಕೆಳಗೆ, ಅಡ್ಡಗೆರೆಯ ಅಡಿಯಲ್ಲಿ, ಸಣ್ಣ ಅಕ್ಷರದ ಒಂದು ಸಾಲಿತ್ತು:

"ಗೋಪ್ಯತೆಯ ನಿಯಮದ ಪ್ರಕಾರ, ತಾಯಿಯ ಹೇಳಿಕೆಯನ್ನು ಮಗಳಿಗಾಗಲಿ, ಮಗಳದ್ದನ್ನು ತಾಯಿಗಾಗಲಿ ತಿಳಿಸಿಲ್ಲ."

ದೋಯ್ನಾ ಅದನ್ನು ಎರಡು ಸಲ ಓದಿದಳು. ಪ್ರತಿ ಈಸ್ಟರಿಗೂ ತಾಯಿ ಬರುತ್ತಿದ್ದಳು. ಮೂವರೂ ಒಂದೇ ಮೇಜಿನಲ್ಲಿ ಕೂರುತ್ತಿದ್ದರು. ಅವನು ತಾಯಿಗೆ ಬಡಿಸುತ್ತಿದ್ದ, ಅವಳಿಗೆ ಬಡಿಸುತ್ತಿದ್ದ, ಊಟವಾದ ಮೇಲೆ ಮೂರೂ ತಟ್ಟೆ ತೊಳೆಯುತ್ತಿದ್ದ.

"ದೋಯ್ನಾ!" ಅಗಾಫ್ಯಾ ಬಾಗಿಲು ಬಡಿದಳು. "ಜನ ಏಳ್ತಾ ಇದಾರೆ. ಬೆಳಕಿರುವಾಗಲೇ ಕೊಟ್ಬಿಡಮ್ಮ."

ಅಂಗಳದಲ್ಲಿ ಸಾಲು ನಿಂತಿತ್ತು. ಮೊದಲ ರೊಟ್ಟಿ ಹತ್ತಿರದ ನೆಂಟರಿಗೆ ಸಲ್ಲಬೇಕು. ತುದೋರನಿಗೆ ನೆಂಟರೆಂದರೆ ಅತ್ತೆಯೊಬ್ಬಳೇ. ತಮಾರಾ ಕೋಟಿನ ಗುಂಡಿ ಹಾಕಿಕೊಂಡು ಬಂದು ಸಾಲಿನ ಮುಂದೆ ನಿಂತಳು. ಅವಳ ಹಿಂದೆ ಅಜ್ಜಿಯರು, ಕೋಲ್ಯಾ, ಬೂಟು ಹಾಕಿಕೊಂಡ ವಿತಾಲಿ. ಅಗಾಫ್ಯಾ ರೊಟ್ಟಿಯ ಮೇಣದಬತ್ತಿ ಹಚ್ಚಿ, ಟವೆಲಿನ ಮೇಲೆ ಪುಸ್ತಕವಿಟ್ಟು, ದೋಯ್ನಾಳ ಎರಡೂ ಕೈಗೆ ಕೊಟ್ಟಳು.

"ಹೇಳು. 'ಇದು ತುದೋರನ ಆತ್ಮಕ್ಕೆ.'"

ತಮಾರಾ ಎರಡು ಕೈ ಚಾಚಿದಳು.

ದೋಯ್ನಾ ಬಾಯಿ ತೆರೆದಳು.

"ಹೆಸರು ಹೇಳಮ್ಮ," ಎಂದಳು ಅಗಾಫ್ಯಾ ಮೆಲ್ಲಗೆ. "ಹೇಳದಿದ್ರೆ ಅವನಿಗೆ ಮುಟ್ಟಲ್ಲ."

ಸಾಲಿನಲ್ಲಿದ್ದವರು ಟೋಪಿ ತೆಗೆದು ಕಾದರು. ತಮಾರಾ ತಲೆಯನ್ನು ತುಸು ಬಲಕ್ಕೆ ವಾಲಿಸಿ, ಕಣ್ಣು ಮುಚ್ಚಿ, ತುಂಬ ದೂರದಿಂದ ಬರುವುದನ್ನು ಕೇಳುವವಳಂತೆ ನಿಂತಿದ್ದಳು. ಅವರಿಬ್ಬರ ನಡುವೆ ಮೇಣದಬತ್ತಿಯ ಜ್ವಾಲೆ ಮಗಳ ಉಸಿರಿಗೆ ಒಮ್ಮೆ ತಾಯಿಯ ಕಡೆಗೆ ಬಾಗಿ, ನೆಟ್ಟಗಾಯಿತು.

ದೋಯ್ನಾ ಹೆಸರು ಹೇಳದೆಯೇ ರೊಟ್ಟಿಯನ್ನು ತಾಯಿಯ ಕೈಯಲ್ಲಿಟ್ಟು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.